ಕಪ್ಪು ಚೆನ್ನಾಗಿರುವ ಟಿವಿ

ನಮ್ಮ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡ ಮೇಲೆ ಅತನೂರಿನ ನಮ್ಮ ಓಣಿಗೆ ಹೇಳುವವರು ಕೇಳುವವರು ಇಲ್ಲದಂತಾಯಿತು. ಅದುವರೆಗೆ ಬಾಗಿಲ ಮುಂದಿನ ಕಟ್ಟೆಯೇ ಅವರ ಕಚೇರಿ. ಯಾರ ಸೊಸೆ ಮುನಿಸಿಕೊಂಡು ತವರಿಗೆ ಹೊರಟಳು, ಯಾರ ಮನೆಗೆ ಹೆಣ್ಣು ನೋಡಲು ಬಂದರು, ಯಾರ ಎಮ್ಮೆ ಯಾರ ಬಣವೆಗೆ ಬಾಯಿ ಹಾಕಿತು, ಎಲ್ಲವನ್ನೂ ಕೂತಲ್ಲೇ ವಿಚಾರಿಸಿ ಕೂತಲ್ಲೇ ತೀರ್ಪು ಕೊಡುತ್ತಿದ್ದರು. ದಿನದ ಮೊದಲ ಬೈಗುಳ ನನಗೆ, ಉಳಿದದ್ದು ಊರಿಗೆ.

ಆಪರೇಷನ್ ಆಗಿ ಮನೆಗೆ ಬಂದವರನ್ನು ಪಡಸಾಲೆಯ ಮಂಚದ ಮೇಲೆ ಮಲಗಿಸಿದೆವು. ನಮ್ಮ ಪಡಸಾಲೆ ಇಕ್ಕಟ್ಟು, ಮಂಚವನ್ನು ಉದ್ದಕ್ಕೇ ಹಾಕಬೇಕು. ಬೀದಿ ಕಾಣಲಿ ಪಾಪ ಎಂದು ಮುಖ ಬಾಗಿಲ ಕಡೆ ಬರುವಂತೆ ಮಲಗಿಸಿದರೆ ಚೀರಿಕೊಂಡರು.

"ಬಾಗಲಕ್ಕ ಕಾಲ್ ಮಾಡಿ ಮಲಗಸ್ತಿಯೇನ್ಲೇ? ನನ್ನ ಹೊರಗ ಒಯ್ಯಾಕ ಅಷ್ಟ್ ಅವಸರ ಏನದ?"

ಬೈಸಿಕೊಂಡವರು ನನ್ನ ಗಂಡ. ಮಂಚ ತಿರುಗಿಸಿದೆವು. ತಲೆ ಬಾಗಿಲಿಗೆ, ಕಾಲು ಒಳಗೋಡೆಗೆ. ಬೀದಿ ಬೆನ್ನ ಹಿಂದಾಯಿತು. ದಿಂಬಿಗೆ ಒರಗಿ ಕೂತರೂ ಎದುರಿಗೆ ಸುಣ್ಣದ ಗೋಡೆಯೊಂದೇ. ದಿನ ಕಳೆದಂತೆ ಅತ್ತೆ ಮಾತು ಬಿಟ್ಟರು. ಸಾರಿಗೆ ಉಪ್ಪು ಹೆಚ್ಚಾದರೂ ಸುಮ್ಮನೆ ಉಂಡರು. ನನಗೆ ನಿಜವಾಗಿ ಹೆದರಿಕೆಯಾಯಿತು. ಬೈಯುವ ಅತ್ತೆಯನ್ನು ಸಂಭಾಳಿಸಲು ತವರಿನಲ್ಲಿ ಕಲಿಸಿ ಕಳಿಸಿದ್ದರು, ಬೈಯದ ಅತ್ತೆಯ ಬಗ್ಗೆ ಯಾರೂ ಏನೂ ಹೇಳಿರಲಿಲ್ಲ.

"ಅವ್ವಗ ಒಂದು ಟಿವಿ ತರೂಣು. ಮನಸ್ಸರ ಹಗುರ ಆಗ್ತದ," ಎಂದರು ನನ್ನ ಗಂಡ. ಉದ್ದೇಶ ಒಳ್ಳೆಯದೇ. ಆದರೆ ಆ ಮನುಷ್ಯ ಫೋನಿನಲ್ಲಿ ವಿಡಿಯೊ ನೋಡಿ ಪಂಡಿತರಾಗುವ ಜಾತಿ. ತೊಗರಿ ಬೀಜ ಆರಿಸುವಾಗ, ಅಷ್ಟೇಕೆ, ನನ್ನನ್ನು ಆರಿಸುವಾಗಲೂ ಅಷ್ಟು ವಿಚಾರ ಮಾಡಿದವರಲ್ಲ. ನಾನು ರೊಟ್ಟಿ ಬಡಿಯುತ್ತಿದ್ದರೆ ಪಕ್ಕದಲ್ಲೇ ಕೂತು ಪಾಠ ಶುರು.

"ಎಲ್‌ಇಡಿಗಿ ಹಿಂದಿಂದ ದೀಪ ಹಚ್ಚಿರ್ತಾರ. ಕ್ಯೂಎಲ್‌ಇಡಿಗೂ ಹಂಗ, ಬಣ್ಣ ಒಂದೀಟು ಜಾಸ್ತಿ. ಓಎಲ್‌ಇಡಿದಾಗ ಒಂದೊಂದು ಚುಕ್ಕಿನೂ ತಾನ ಹತ್ತತದ, ತಾನ ಆರತದ. ಅದಕ್ಕ ಅದರಾಗ ಕಪ್ಪು ಅಂದ್ರ ಅಪ್ಪಟ ಕಪ್ಪು."

"ಕಪ್ಪು ನೋಡಾಕ ಟಿವಿ ಯಾಕ್ರಿ? ಕರೆಂಟ್ ಹೋದ್ರ ಸಾಕಲ್ಲ," ಎಂದೆ. ಅವರು ಮುಂದಿನ ವಿಡಿಯೊ ಒತ್ತಿದರು.

ಅಫಜಲಪುರದ ಅಂಗಡಿಯಲ್ಲಿ ಮೂರೂ ನಮೂನೆ ಸಾಲಾಗಿ ತೂಗುಹಾಕಿದ್ದರು. ಬಾಗಿಲಿಗೆ ದಪ್ಪ ಪರದೆ, ಒಳಗೆ ಗವ್ವೆನ್ನುವ ಕತ್ತಲೆ. ಮೂರರಲ್ಲೂ ಒಂದೇ ಗಿಳಿ ರೆಕ್ಕೆ ಬಿಚ್ಚುತ್ತಿತ್ತು, ಒಂದೇ ಹಣ್ಣನ್ನು ಯಾರೋ ಕೊಯ್ಯುತ್ತಿದ್ದರು. ಓಎಲ್‌ಇಡಿಯ ಗಿಳಿ ಬಲು ಚೆಂದವಿತ್ತು, ಸುಳ್ಳೇಕೆ ಹೇಳಲಿ. ಆದರೆ ನಮ್ಮ ಮನೆಗೆ ಬರಬೇಕಾದದ್ದು ಗಿಳಿಯಲ್ಲ, ಹಗಲು ಹೊತ್ತಿನಲ್ಲಿ ಅತ್ತೆ ನೋಡಬೇಕಾದ ಧಾರಾವಾಹಿ.

"ಆ ಪರದೆ ಸರಸ್ರಿ. ನಮ್ಮನಿ ಬಾಗಲಾ ಹಗಲೆಲ್ಲಾ ತೆರದ ಇರ್ತದ," ಎಂದೆ.

ಅಂಗಡಿಯವರು ಒಲ್ಲದ ಮನಸ್ಸಿನಿಂದ ಸರಿಸಿದರು. ಕ್ಯೂಎಲ್‌ಇಡಿ ಬೆಳಕಿಗೆ ಎದುರು ನಿಂತಿತು. ಮಾಮೂಲಿ ಎಲ್‌ಇಡಿ ತುಸು ಪೇಲವ, ಆದರೆ ಅದರ ಗಾಜಿಗೆ ಹೊಳಪಿಲ್ಲದ್ದರಿಂದ ಎದುರಿನ ಬೆಳಕು ಹೊಡೆಯಲಿಲ್ಲ. ಓಎಲ್‌ಇಡಿಯಲ್ಲಿ ಗಿಳಿಯ ಹೊಟ್ಟೆಯ ಮೇಲೆ ನಾನು, ನನ್ನ ಗಂಡ, ರಸ್ತೆಯಲ್ಲಿ ಹೋಗುವ ಬಸ್ಸು, ಎಲ್ಲರೂ ಕಂಡೆವು.

"ಪ್ರೀಮಿಯಂ ಗ್ಲಾಸ್ ಅದರಿ ಅಕ್ಕೋರ," ಎಂದರು ಅಂಗಡಿಯವರು. "ಬಾಗಲಾ ಒಂದೀಟು ಮುಂದ ಮಾಡಿದ್ರಾತು ಬಿಡು," ಎಂದರು ನನ್ನ ಗಂಡ. ಅವರ ಜೀವ ಆಗಲೇ ಆ ಕಪ್ಪಿನಲ್ಲಿ ಬಿದ್ದಾಗಿತ್ತು.

ಅದನ್ನೇ ತಂದು ಒಳಗೋಡೆಗೆ ಕೂರಿಸಿದ್ದಾಯಿತು. ಧಾರಾವಾಹಿಯ ಸೊಸೆ ಅಳತೊಡಗಿದಳು, ಅವಳ ಗಲ್ಲದ ಮೇಲೆ ಎದುರು ಮನೆಯ ಲುಂಗಿ ಒಣಗುತ್ತಿತ್ತು. ಗಂಡ ಎದ್ದು ಬಾಗಿಲು ಮುಚ್ಚಿದರು. ಚಹಾ ಕುದಿಯುವಷ್ಟರಲ್ಲಿ ನೆರೆಮನೆಯಾಕೆ ಎದೆ ಬಡಿದುಕೊಳ್ಳುತ್ತ ಓಡಿಬಂದಳು: "ಯಕ್ಕಾ, ಹಾಡಾಹಗಲೇ ಬಾಗಲಾ ಹಾಕೀರಿ, ಅತ್ತಿಯವ್ರಿಗಿ ಏನರ ಆತೇನ್ರಿ?" ಆಕೆಯ ಹಿಂದೆ ಇನ್ನೂ ನಾಲ್ಕಾರು ಜನ ಬರುತ್ತಿದ್ದರು. ಬಾಗಿಲು ಮತ್ತೆ ತೆರೆಯಿತು. ಅತ್ತೆ ಕಣ್ಣು ಮುಚ್ಚಿ ಮಲಗಿದರು.

ನಾನು ಗೆದ್ದಿದ್ದೆ. ಅಂಗಡಿಗೆ ಫೋನ್ ಮಾಡಿ ಆ ಪೇಲವ ಎಲ್‌ಇಡಿಯನ್ನೇ ಕಳಿಸಲು ಹೇಳಿದೆ. ನಾಳೆ ಬಂದು ಬದಲಿಸುತ್ತೇವೆ ಎಂದರು. ಗಂಡ ಮುಖ ಊದಿಸಿಕೊಂಡು ಹೊಲಕ್ಕೆ ಹೋದರು. ಟಿವಿ ಆರಿಸಿ ನಾನೂ ಹೊಸ್ತಿಲಿಗೆ ಬಂದೆ. ನೆರೆಮನೆಯಾಕೆಗೆ ಅತ್ತೆ ಮಾತ್ರೆ ನುಂಗುವ ಚೆಂದವನ್ನು ದನಿಯಿಲ್ಲದೆ, ಬರೀ ಸೊಟ್ಟ ಮೋರೆ ಮಾಡಿ ತೋರಿಸುತ್ತಿದ್ದೆ. ಆಕೆ ಬಾಯಿಗೆ ಸೆರಗು ಒತ್ತಿ ನಗುತ್ತಿದ್ದಳು.

"ಯಾಕ ಬೇ, ನನ್ನ ಮಾರಿ ಹಂಗ ಅದೇನ?"

ಒಳಗಿನಿಂದ ಅತ್ತೆಯ ದನಿ. ಒಳಗೆ ಓಡಿದೆ. ಅತ್ತೆ ಗೋಡೆಯ ಕಡೆಯೇ ಮುಖ ಮಾಡಿ ಒರಗಿದ್ದರು. ಎದುರಿಗೆ ಆರಿದ ಟಿವಿ. ಅದರ ಕಪ್ಪು ಗಾಜಿನಲ್ಲಿ ನಮ್ಮ ಬಾಗಿಲು, ಹೊಸ್ತಿಲು, ನಗು ನುಂಗಲಾರದೆ ನಿಂತ ನೆರೆಮನೆಯಾಕೆ, ಅವಳಾಚೆ ಇಡೀ ಬೀದಿ ಬಿಸಿಲಲ್ಲಿ ನಿಚ್ಚಳವಾಗಿ ಕಾಣುತ್ತಿತ್ತು.

"ಮಾತ್ರಿ ನೀ ನುಂಗಿ ನೋಡು, ಆಮ್ಯಾಲ ನನ್ನ ಅಣಕಸು. ಆಕಿಗೂ ಹೇಳು, ಮನ್ಯಾಗ ಕಸ ಹಂಗೇ ಬಿದ್ದದ, ಇಲ್ಲಿ ಹಲ್ಲು ಕಿಸಿಯಾಕತ್ತಾಳ. ಆ ಮೂಲಿಮನಿಯಂವ ಯಾಕ ಕುಂಟಾಕತ್ತಾನ? ನನಗ ಯಾರೂ ಏನೂ ಹೇಳಂಗಿಲ್ಲ!"

ಅಷ್ಟರಲ್ಲಿ ಹೊಲದಿಂದ ಮರಳಿದ ನನ್ನ ಗಂಡ, ತಾಯಿಯ ದನಿ ಕೇಳಿ ಹಿಗ್ಗಿ, ರಿಮೋಟ್ ಒತ್ತಿ ಧಾರಾವಾಹಿ ಹಚ್ಚಿದರು.

"ಆರಸ್ಲೇ ಅದನ್ನ!" ಅತ್ತೆ ಗದರಿದರು. "ಓಣಿ ಕಾಣವಲ್ದು."

ಗಂಡ ತೆಪ್ಪಗೆ ಆರಿಸಿದರು. ಅತ್ತೆ ಮತ್ತೆ ನನ್ನ ಕಡೆ ಹೊರಳಿ, ಬಿಟ್ಟಲ್ಲಿಂದ ಬೈಯಲು ಶುರು ಮಾಡಿದರು. ನಾನು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, ನಾಳೆ ಬರಬೇಡಿರೆಂದು ಅಂಗಡಿಯವರಿಗೆ ಹೇಳಲು ಫೋನ್ ಹುಡುಕಿದೆ.