ಹನ್ನೆರಡು ಅಡಿಯಲ್ಲಿ ಸರಿ ಇದ್ದ ಲೆನ್ಸ್

2022ರಲ್ಲಿ ನಾನು ಜಮಖಂಡಿಯಲ್ಲಿ ಕ್ಯಾಮೆರಾ ರಿಪೇರಿ ಮಾಡುತ್ತಿದ್ದೆ. ಆ ಕೆಲಸಕ್ಕೆ ಕೂತು ಅಷ್ಟೊತ್ತಿಗೆ ಇಪ್ಪತ್ತೊಂಬತ್ತು ವರ್ಷವಾಗಿತ್ತು. ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಮದುವೆ ಫೋಟೋಗ್ರಾಫರರ ಕ್ಯಾಮೆರಾಗಳೆಲ್ಲ ಕೆಟ್ಟರೆ ನನ್ನ ಮೇಜಿಗೇ ಬರುತ್ತಿದ್ದವು. ನನ್ನ ಕೈ ತಪ್ಪುವುದಿಲ್ಲ ಎಂದು ಜನ ಹೇಳುತ್ತಿದ್ದರು. ಹೇಳಿಸಿಕೊಂಡು ಹೇಳಿಸಿಕೊಂಡು ನಾನೂ ಅದನ್ನು ನಂಬಿದ್ದೆ.

ಬನಹಟ್ಟಿಯ ಮಹಾನಂದಾ ನನಗೆ ಗಿರಾಕಿಯಾಗಿದ್ದು ಅದಕ್ಕೂ ಆರು ವರ್ಷ ಮೊದಲು. ನೇಕಾರರ ಮನೆಯ ಹೆಣ್ಣುಮಗಳು. ಗಂಡ ಶ್ರೀಶೈಲ ಪವರ್‌ಲೂಮ್ ನಡೆಸುತ್ತಿದ್ದರು, ಈಕೆ ಮಗ್ಗಕ್ಕೆ ಬೇಕಾದ ನೂಲಿನ ಕಂಡಿಕೆ ಸುತ್ತುತ್ತಿದ್ದರು. ನಲವತ್ತು ದಾಟಿದ ಮೇಲೆ ನನ್ನ ಅಂಗಡಿಯಲ್ಲೇ ಒಂದು ಹಳೆಯ ಕ್ಯಾಮೆರಾ ಕೊಂಡು, ಕಲಿಯಲು ಹಟ ಹಿಡಿದು ಕೂತರು. ರಜೆಯ ದಿನ ಬೆಳಗಿನ ಮೊದಲ ಬಸ್ಸಿಗೆ ಬೀಳಗಿ ಕಡೆ ಹೋಗಿ ಹಿನ್ನೀರು, ಕುರಿಹಿಂಡು, ನೀರಲ್ಲಿ ನಿಂತ ಒಣಮರ ತೆಗೆದು ತರುತ್ತಿದ್ದರು. ನೂಲಿನ ಬಣ್ಣಗಳ ನಡುವೆ ಬೆಳೆದ ಕಣ್ಣು ಅದು. ನಾನು ಬರೀ ಕಂದು ಎಂದು ನೋಡುವ ಕಡೆ ಅವರಿಗೆ ನಾಲ್ಕು ಬಣ್ಣ ಕಾಣುತ್ತಿದ್ದವು.

2022ರ ದೀಪಾವಳಿ ಮುಗಿದ ವಾರ ಗಂಡ ಹೆಂಡತಿ ಇಬ್ಬರೂ ಅಂಗಡಿಗೆ ಬಂದರು. ಮಹಾನಂದಾ ಅವರ ಮುಖ ಬಾತಿತ್ತು. ಸಕ್ಕರೆ ಕಾಯಿಲೆಯಿಂದ ಎರಡೂ ಕಿಡ್ನಿ ಸೋಲುತ್ತಿದ್ದವು.

“ಡಾಕ್ಟರ್ ಹೇಳ್ಯಾರ್ರಿ ಅಣ್ಣಾರ,” ಎಂದರು ಅವರು. “ಎಲ್ಲೆರ ಹೋಗೂದಿದ್ರ ಈ ಚಳಿಗಾಲದಾಗ ಹೋಗಿ ಬರ್ರಿ ಅಂತ. ಮುಂದ ವಾರಕ್ಕ ಮೂರು ಸಲ ಡಯಾಲಿಸಿಸ್. ಆಮ್ಯಾಲೆ ಊರು ಬಿಡಾಕ ಆಗೂದಿಲ್ಲ.”

ಅವರು ಹೋಗಬೇಕೆಂದಿದ್ದು ಜೈಸಲ್ಮೇರ್ ಕಡೆಯ ಮರುಭೂಮಿ ಉದ್ಯಾನಕ್ಕೆ. ಮರಳೆಂದರೆ ಒಂದೇ ಬಣ್ಣ ಎಂದುಕೊಂಡಿದ್ದ ನನಗೆ ಅವರೇ ಮೊಬೈಲಿನಲ್ಲಿ ತೋರಿಸಿದರು. ಅರಿಸಿನದಂಥ ಕಲ್ಲುಬಂಡೆ, ಒಣಗಿ ಕೆಂಪಾದ ಹುಲ್ಲು, ಬೆಳಗಿನ ಹೊತ್ತು ಗುಲಾಬಿಗೆ ತಿರುಗುವ ದಿಬ್ಬ, ಸಮೀಪದಲ್ಲೇ ಕಲ್ಲಾಗಿ ಬಿದ್ದ ಪುರಾತನ ಮರದ ತುಂಡುಗಳು. ಮೂರು ಚಿತ್ರಗಳನ್ನು ನಾಲ್ಕಡಿ ಅಗಲಕ್ಕೆ ಮುದ್ರಿಸಿ ಬನಹಟ್ಟಿಯಲ್ಲಿ ನೇಕಾರರು ಸೇರುವ ಸಭಾಭವನಕ್ಕೆ ಕೊಡಬೇಕೆಂಬುದು ಅವರ ಆಸೆ.

ಎರಡು ತಿಂಗಳು ನನ್ನ ಅಂಗಡಿಯಲ್ಲಿ ಅದೇ ಮಾತು. ಮಿರಜಿನಿಂದ ಜೋಧಪುರಕ್ಕೆ ರೈಲು, ಅಲ್ಲಿಂದ ಇನ್ನೊಂದು. ಜನವರಿಯಲ್ಲಿ ಅಲ್ಲಿ ಸೂರ್ಯ ಹುಟ್ಟುವುದು ಏಳೂವರೆಯ ಸುಮಾರಿಗೆ, ನಮ್ಮ ಕಡೆಗಿಂತ ತಡ. ಅದರಿಂದ ಅವರಿಗೆ ಬೆಳಗಿನ ಗುಳಿಗೆ, ತಿಂಡಿ ಮುಗಿಸಿ ಹೊರಡಲು ಸಮಯ ಸಿಗುತ್ತಿತ್ತು. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ, ಒಂದನ್ನು ಯಾವಾಗಲೂ ಸ್ವೆಟರಿನ ಒಳಗಿಟ್ಟುಕೊಳ್ಳಿ ಎಂದೆ. ಮರಳು ಹಾರುವ ಕಡೆ ಲೆನ್ಸ್ ಬಿಚ್ಚಬೇಡಿ, ಅಗಲ ದೃಶ್ಯ ಹಿಡಿಯುವ ಒಂದೇ ವೈಡ್ ಲೆನ್ಸಿನಲ್ಲಿ ಎಲ್ಲ ತೆಗೆಯಿರಿ ಎಂದೆ. ನಡೆಯುವ ದೂರ ಎಷ್ಟು, ಜೀಪ್ ಎಲ್ಲಿಯವರೆಗೆ ಬರುತ್ತದೆ, ಶೌಚಕ್ಕೆ ಎಲ್ಲಿ ಅನುಕೂಲ ಎಂಬುದನ್ನೆಲ್ಲ ಶ್ರೀಶೈಲ ಫೋನಿನಲ್ಲಿ ತಿಳಿದುಕೊಂಡರು. ನಾಲ್ಕು ಬೆಳಗು, ಮೂರು ಸಂಜೆ. ಅವರ ಮೈ ತಡೆದುಕೊಳ್ಳುವುದು ಅಷ್ಟೇ ಎಂದು ಲೆಕ್ಕ ಹಾಕಿದ್ದೆವು.

ಹೊರಡಲು ಎರಡು ದಿನ ಇದ್ದಾಗ ಅವರು ಆ ವೈಡ್ ಲೆನ್ಸ್ ತಂದರು. ಒಳಗೆ ಫಂಗಸ್ ಹಿಡಿದಿತ್ತು. ಬಹಳ ದಿನ ಬಳಸದೆ ತೇವದಲ್ಲಿಟ್ಟ ಲೆನ್ಸಿನ ಗಾಜಿನ ಮೇಲೆ ಜೇಡರ ಬಲೆಯಂತೆ ಬೆಳೆಯುವ ಬೂಷ್ಟು ಅದು. ಲೆನ್ಸ್ ಬಿಚ್ಚಿ, ಗಾಜು ಒರೆಸಿ ಮತ್ತೆ ಜೋಡಿಸಬೇಕು. ಗಾಜುಗಳ ನಡುವೆ ಶಿಮ್ ಎಂಬ ತೆಳು ತಗಡಿನ ಬಳೆಗಳಿರುತ್ತವೆ. ಗಾಜು ಎಷ್ಟು ದೂರ ಕೂರಬೇಕೆಂಬುದನ್ನು ನಿರ್ಧರಿಸುವುದು ಅವೇ.

ಮದುವೆಗಳ ದಿನಗಳು. ಮೇಜಿನ ಮೇಲೆ ಇನ್ನೂ ಐದು ಕ್ಯಾಮೆರಾ ಇದ್ದವು. ಲೆನ್ಸ್ ಜೋಡಿಸಿ, ಎದುರು ಗೋಡೆಯ ಚಾರ್ಟಿನ ಮೇಲೆ ಪರೀಕ್ಷಿಸಿದೆ. ಚಾರ್ಟು ಇದ್ದದ್ದು ಹನ್ನೆರಡು ಅಡಿ ದೂರದಲ್ಲಿ. ಬಳೆ ತಿರುಗಿಸಿ ಫೋಕಸ್ ಮಾಡಿದಾಗ ಅಕ್ಷರಗಳು ಸ್ವಚ್ಛವಾಗಿ ಬಂದವು. ಮದುವೆ ಮನೆಯ ಫೋಟೋಗೆ ಅಷ್ಟು ಸಾಕು, ಇಪ್ಪತ್ತೊಂಬತ್ತು ವರ್ಷ ನಾನು ಹಾಗೇ ಪರೀಕ್ಷಿಸಿದ್ದೆ. ಆಮೇಲೆ ಅವರಿಗೆ ಅನುಕೂಲವಾಗಲೆಂದು ಕೇಳದ ಕೆಲಸವೊಂದನ್ನೂ ಮಾಡಿದೆ. ಮಸುಕು ಬೆಳಕಿನಲ್ಲಿ ಆ ಕ್ಯಾಮೆರಾದ ಆಟೋಫೋಕಸ್ ತಡಕಾಡುತ್ತಿತ್ತು. ಅದಕ್ಕೇ ಫೋಕಸ್ ಬಳೆಯನ್ನು ಇನ್ಫಿನಿಟಿ ಗುರುತಿಗೆ, ಅಂದರೆ ಅತಿ ದೂರದ ದೃಶ್ಯಕ್ಕೆ ತಿರುಗಿಸಿ, ಕಪ್ಪು ಟೇಪ್ ಸುತ್ತಿ ಬಿಗಿದೆ.

“ದೂರದ ದಿಬ್ಬ ತಗ್ಯಾಕ ಇದನ್ನ ಅಳ್ಳಾಡಸೂದ ಬ್ಯಾಡ್ರಿ ಅಕ್ಕಾರ,” ಎಂದೆ.

ಎರಡನೆಯ ಬೆಳಗು ಅವರು ಅಲ್ಲಿಂದ ಫೋನ್ ಮಾಡಿದರು. ಗಾಳಿಯ ಸದ್ದು ಕೇಳುತ್ತಿತ್ತು.

“ಅಣ್ಣಾರ, ಮುಂದಿನ ಉಸುಕು ಸಾಫ್ ಐತ್ರಿ. ಹಿಂದಿನ ದಿಬ್ಬ ಯಾಕೋ ಮಬ್ಬ ಕಾಣಾಕತ್ತಾವು. ಟೇಪ್ ತಗದು ನೋಡ್ಲ್ಯಾ?”

ನನ್ನೆದುರು ಇಬ್ಬರು ಗಿರಾಕಿಗಳು ನಿಂತಿದ್ದರು. ಅಂಥ ಮಾತು ಕೇಳಿದ ತಕ್ಷಣ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂರಬೇಕಿತ್ತು. ಹತ್ತಿರದ್ದು ಸ್ಪಷ್ಟ, ದೂರದ್ದು ಮಬ್ಬು ಎಂದರೆ ಫೋಕಸ್ ಹತ್ತಿರದಲ್ಲೇ ನಿಂತಿದೆ ಎಂದು ನನ್ನ ಕಸುಬಿನ ಯಾರಿಗಾದರೂ ಗೊತ್ತು. ನಾನು ಹೇಳಿದ್ದು ಇಷ್ಟು:

“ಕ್ಯಾಮೆರಾದ ಸ್ಕ್ರೀನ್ ಹಳೇದ್ರಿ, ಹಂಗ ಕಾಣತೈತಿ. ನಿಮ್ಮ ಕಣ್ಣಿಗೂ ಬಾವು ಬಂದೈತಿ. ಟೇಪ್ ಮಾತ್ರ ಮುಟ್ಟಬ್ಯಾಡ್ರಿ.”

“ಆತ್ರಿ. ನೀವ ಅಂದಮ್ಯಾಲೆ ಮುಗೀತು,” ಎಂದು ಫೋನ್ ಇಟ್ಟರು.

ಹಿಂದಿರುಗಿದ ಮೂರನೆಯ ದಿನ ಇಬ್ಬರೂ ಬಂದರು. ಮಹಾನಂದಾ ಇಳಿದುಹೋಗಿದ್ದರು, ಆದರೆ ಅಷ್ಟು ಖುಷಿಯಲ್ಲಿ ಅವರನ್ನು ನಾನು ಹಿಂದೆಂದೂ ನೋಡಿರಲಿಲ್ಲ. ಮೊಬೈಲಿನಲ್ಲಿ ನೋಡಿದ ನೆಂಟರೆಲ್ಲ ಭಾಳ ಛಲೋ ಬಂದಾವ ಎಂದಿದ್ದರಂತೆ. ಮುದ್ರಿಸುವುದಕ್ಕೆ ಮೂರನ್ನು ಆರಿಸೋಣವೆಂದು ನನ್ನ ದೊಡ್ಡ ಮಾನಿಟರಿನಲ್ಲಿ ತೆರೆದೆವು. ಒಟ್ಟು ಆರುನೂರ ಹದಿನೆಂಟು ಚಿತ್ರ. ಬೆಳಕು, ಜೋಡಣೆ, ಬಣ್ಣ ಎಲ್ಲವೂ ನನಗೆ ಎಂದೂ ಸಾಧ್ಯವಾಗದಂಥವು. ಮುಂದಿನ ಹುಲ್ಲಿನ ಒಂದೊಂದು ಎಳೆಯೂ ಸ್ಪಷ್ಟ. ಹಿಂದೆ ಬೆಳಗಾಗುತ್ತಿದ್ದ ಇಡೀ ಮರುಭೂಮಿ ಮಾತ್ರ ಉಸಿರು ತಾಗಿ ಮಸುಕಾದ ಕನ್ನಡಿಯಲ್ಲಿ ಕಂಡಂತೆ ಕದಡಿತ್ತು.

“ದೊಡ್ಡದ ಮಾಡ್ರಿ,” ಎಂದರು. ಮಾಡಿದೆ. “ಇನ್ನೊಂದ ತಗೀರಿ.” ತೆಗೆದೆ. ನಲವತ್ತೋ ಐವತ್ತೋ ಚಿತ್ರ ನೋಡಿದ ಮೇಲೆ ಸಾಕೆಂದು ಕೈ ಅಲ್ಲಾಡಿಸಿದರು.

“ನನ್ನ ಕೈ ನಡಿಗಿರಬೇಕು,” ಎಂದು ಗಂಡನಿಗೆ ಹೇಳಿದರು. “ಈ ಹಾಳ ಮೈ ಇಟ್ಕೊಂಡು ನಾ ಹೋಗಬಾರದಿತ್ತು.”

ಕೈ ನಡುಗಿದ್ದರೆ ಮುಂದಿನ ಹುಲ್ಲೂ ಅಲುಗಾಡಿರುತ್ತಿತ್ತು. ನನಗದು ಗೊತ್ತಿತ್ತು. ಲೆನ್ಸ್ ಇಟ್ಟು ಹೋಗಿ, ನೋಡುತ್ತೇನೆ ಎಂದಷ್ಟೇ ಹೇಳಿದೆ.

ಅವರು ಹೋದ ಮೇಲೆ ಮಾಳಿಗೆ ಹತ್ತಿ ದೂರದ ಕಟ್ಟಡಗಳತ್ತ ಲೆನ್ಸ್ ಹಿಡಿದೆ. ಗುರುತು ಇನ್ಫಿನಿಟಿಯಲ್ಲಿತ್ತು, ಫೋಕಸ್ ಎಂಟು ಹತ್ತು ಅಡಿಯಲ್ಲೇ ನಿಂತಿತ್ತು. ಟೇಪ್ ಕಿತ್ತು ಬಳೆಯನ್ನು ಸ್ವಲ್ಪ ಆಚೆ ತಿರುಗಿಸಿದೆ. ಕಟ್ಟಡಗಳು ಕೆತ್ತಿಟ್ಟಂತೆ ಮೂಡಿದವು. ಅಂದರೆ ಅವರು ಆ ಬೆಳಗು ಟೇಪ್ ಕಿತ್ತಿದ್ದರೆ ಉಳಿದ ದಿನಗಳ ಚಿತ್ರಗಳೆಲ್ಲ ಸರಿ ಬರುತ್ತಿದ್ದವು. ಕೆಳಗೆ ಬಂದು ಮೇಜು ಹುಡುಕಿದೆ. ಸ್ಕ್ರೂ ಹಾಕುವ ಬಟ್ಟಲಿನ ತಳದಲ್ಲಿ, ಜೋಡಿಸುವಾಗ ನಾನು ಬಿಟ್ಟಿದ್ದ ಒಂದು ಶಿಮ್ ಅಂಟಿಕೊಂಡಿತ್ತು.

ಎರಡು ದಿನ ಬನಹಟ್ಟಿಗೆ ಹೋಗುವ ಧೈರ್ಯ ಬರಲಿಲ್ಲ. ಮೂರನೆಯ ದಿನ ಶ್ರೀಶೈಲ ಒಬ್ಬರೇ ಬಂದರು. ಹೆಂಡತಿ ಯಾರೊಡನೆಯೂ ಮಾತಾಡುತ್ತಿಲ್ಲ ಎಂದರು. ನಾನು ಶಿಮ್ ತೋರಿಸಿ ಎಲ್ಲ ಹೇಳಿಬಿಟ್ಟೆ. ಅವರು ಬೈಯಲಿಲ್ಲ. ಶಿಮ್ಮನ್ನು ಮೇಜಿನ ಮೇಲೆ ವಾಪಸ್ ಇಟ್ಟು ಹೇಳಿದರು:

“ಆಕಿಗೆ ಹೇಳಬ್ಯಾಡ್ರಿ. ತನ್ನದ ತಪ್ಪು ಅಂದ್ರ ಹೆಂಗರ ನುಂಗತಾಳು. ಇಷ್ಟು ನಂಬಿದ ನೀವ ಹಿಂಗ ಮಾಡೀರಿ ಅಂದ್ರ, ಮುಂದ ಆ ಡಯಾಲಿಸಿಸ್ ಮಷೀನ ನಡಸವ್ರನ್ನ ಹೆಂಗ ನಂಬಬೇಕ್ರಿ ಆಕಿ?”

ಆದರೂ ಮಹಾನಂದಾ ತಮ್ಮ ಮೈಯನ್ನೇ ದೂರುತ್ತ ಕೂರಬಾರದೆಂದು ಮರುದಿನ ಹೋಗಿ ಹೇಳಿದೆ. ಮಗ್ಗ ನಿಲ್ಲಿಸಿದ್ದ ಮನೆಯಲ್ಲಿ ಅವರು ಗೋಡೆಗೆ ಒರಗಿ ಕೂತಿದ್ದರು. ಶಿಮ್ಮನ್ನು ಅಂಗೈಯಲ್ಲಿ ಇಟ್ಟುಕೊಂಡು ಕೇಳಿದರು:

“ಅಂದ್ರ ನನ್ನ ಕಣ್ಣು ಖರೆ ಹೇಳಿದ್ವು?”

“ಹೌದ್ರಿ ಅಕ್ಕಾರ.”

“ನಾನ ನಂಬಲಿಲ್ಲ ಅವನ್ನ. ನಿಮ್ಮ ಮಾತ ನಂಬಿದೆ.”

ಅಷ್ಟೇ ಮಾತು. ಚಹಾ ಕೊಡಲು ಗಂಡನಿಗೆ ಹೇಳಿ, ಗೋಡೆಯ ಕಡೆ ಹೊರಳಿ ಮಲಗಿದರು.

ಏಪ್ರಿಲ್‌ನಲ್ಲಿ ಮುಧೋಳದಲ್ಲಿ ಡಯಾಲಿಸಿಸ್ ಶುರುವಾಯಿತು. ಮುಂದಿನ ಚಳಿಗಾಲಕ್ಕೆ ಜೋಧಪುರದಲ್ಲೇ ಡಯಾಲಿಸಿಸ್ ಮಾಡಿಸಿಕೊಂಡು ಹೋಗಿಬರುವ ವ್ಯವಸ್ಥೆ ಮಾಡಬಹುದೇ ಎಂದು ನಾನೇ ಡಾಕ್ಟರನ್ನು ಕೇಳಿದೆ. ಅಷ್ಟರಲ್ಲಿ ಮಹಾನಂದಾ ಅವರ ಹೃದಯವೂ ದುರ್ಬಲವಾಗಿತ್ತು, ಡಾಕ್ಟರ್ ಒಪ್ಪಲಿಲ್ಲ. ನಾನೇ ಹೋಗಿ ಅದೇ ಜಾಗಗಳ ಚಿತ್ರ ತೆಗೆದು ತರಲೇ ಎಂದು ಒಮ್ಮೆ ಮಹಾನಂದಾ ಅವರನ್ನು ಕೇಳಿದೆ. “ನೀವ್ ತಗದ್ರ ಅವು ನಿಮ್ಮ ಚಿತ್ರ ಆಗತಾವ್ರಿ,” ಎಂದರು. ಡಯಾಲಿಸಿಸ್ ಸೂಜಿ ಚುಚ್ಚಲು ಎಡಗೈಯ ರಕ್ತನಾಳಗಳನ್ನು ಶಸ್ತ್ರಚಿಕಿತ್ಸೆಯಲ್ಲಿ ಜೋಡಿಸಿದ್ದರಿಂದ ಆ ಕೈಯಲ್ಲಿ ಭಾರ ಎತ್ತುವಂತಿರಲಿಲ್ಲ. ಕ್ಯಾಮೆರಾ ಯಾರಿಗಾದರೂ ಕೊಡಿ ಎಂದು ಶ್ರೀಶೈಲರ ಕೈಯಲ್ಲಿ ಕಳಿಸಿದರು. ಮಹಾನಂದಾ ಮತ್ತೆ ನನ್ನ ಅಂಗಡಿಗೆ ಬರಲಿಲ್ಲ.

ಈಗ ಯಾರೇ ಲೆನ್ಸ್ ತಂದರೂ ಎಲ್ಲಿಗೆ ಒಯ್ಯುತ್ತೀರಿ, ಏನು ತೆಗೆಯುತ್ತೀರಿ ಎಂದು ಮೊದಲು ಕೇಳುತ್ತೇನೆ. ಅವರು ತೆಗೆಯುವ ದೂರದಲ್ಲೇ ಪರೀಕ್ಷಿಸಿ ಕೊಡುತ್ತೇನೆ. ಸರಿ ಕಾಣುತ್ತಿಲ್ಲ ಎಂದು ಗಿರಾಕಿ ಹೇಳಿದರೆ, ಕೈಯಲ್ಲಿದ್ದ ಕೆಲಸ ಬಿಟ್ಟು, ತಪ್ಪು ನನ್ನದೇ ಇರಬೇಕು ಎಂದುಕೊಂಡು ಹುಡುಕಲು ಶುರುಮಾಡುತ್ತೇನೆ. ಹಾಗೆ ಹುಡುಕಿದಾಗ ಮೂರು ಸಲ ನನ್ನ ತಪ್ಪೇ ಸಿಕ್ಕಿದೆ. ಕಸುಬು ಕಲಿಸಿದ್ದು ಇದನ್ನೇ, ಮತ್ತು ಇದು ಎಲ್ಲರಿಗೂ ಉಪಯೋಗಕ್ಕೆ ಬರುತ್ತಿದೆ. ಮಹಾನಂದಾ ಅವರಿಗೆ ಮಾತ್ರ ಇದರಿಂದ ಏನೂ ಸಿಗಲಿಲ್ಲ.