ಗಾಳೆಮ್ಮನ ಕೊಸರು

ಬಳಗಾನೂರಿನ ಗಾಳೆಮ್ಮ ಯಾರ ಮಾತನ್ನಾದರೂ ಕೇಳಿಯಾಳು, ಅವಳ ಬಲಗೈ ಮಾತ್ರ ಅವಳ ಮಾತನ್ನೇ ಕೇಳುತ್ತಿರಲಿಲ್ಲ. ಊರೆಲ್ಲ ಭತ್ತ ಹಚ್ಚಿದರೂ ಈಕೆಯ ಅರ್ಧ ಎಕರೆಯಲ್ಲಿ ಬದನೆ, ಬದುವಿನುದ್ದಕ್ಕೂ ಮೆಣಸಿನಗಿಡ. ಮಸ್ಕಿ ಸಂತೆಯಲ್ಲಿ ಬದನೆಕಾಯಿ ತೂಗಿ ಗಿರಾಕಿಯ ಚೀಲಕ್ಕೆ ಸುರಿದ ಮೇಲೆ ಆ ಕೈ ತಾನಾಗಿಯೇ ಬುಟ್ಟಿಗೆ ಹೋಗಿ ಒಂದು ಹಿಡಿ ಹಸಿಮೆಣಸಿನಕಾಯಿ ತಂದು ಪುಕ್ಕಟೆ ಹಾಕುತ್ತಿತ್ತು. ಅದು ಕೊಸರು. ಕೊಸರು ಹಾಕದೆ ವ್ಯಾಪಾರ ಮಾಡುವವರ ಮುಖ ನೋಡಬಾರದೆಂಬುದು ಅವಳ ಖಡಾಖಂಡಿತ ಅಭಿಪ್ರಾಯ. ಸಂತೆಯಲ್ಲಿ ಪಕ್ಕದಲ್ಲೇ ಕೂರುವ ಯಮನೂರಮ್ಮನಿಗಿಂತ ಒಂದಾದರೂ ಕಾಯಿ ಹೆಚ್ಚು ಹಾಕದಿದ್ದರೆ ಅವತ್ತು ಅವಳಿಗೆ ಉಂಡ ಅನ್ನ ಮೈಗೆ ಹತ್ತುತ್ತಿರಲಿಲ್ಲ.

ಅವಳಿಗಿದ್ದ ನರಕ ಒಂದೇ, ಬಸ್ಸು. ಬುಟ್ಟಿ ಕಂಡರೆ ಕಂಡಕ್ಟರ್ ಮುಖ ಗಂಟು ಹಾಕುತ್ತಿದ್ದ. ಹತ್ತಿಸಲು ಒಬ್ಬರನ್ನು, ಇಳಿಸಲು ಇನ್ನೊಬ್ಬರನ್ನು ಗೋಗರೆದು ಗೋಗರೆದು ಸೊಂಟವೂ ಹೋಗಿತ್ತು, ಮಾನವೂ ಹೋಗಿತ್ತು. ಹೀಗಿರುವಾಗ ಹೊರದೇಶದ ದುಡ್ಡಿನ ಯೋಜನೆಯೊಂದು ಊರಿಗೆ ಬಂತು. ಸಣ್ಣ ತರಕಾರಿ ರೈತರು ಪೈಪೋಟಿಗೆ ನಿಲ್ಲಬೇಕಂತೆ. ಪೈಪೋಟಿ ಎಂದರೆ ಗಾಳೆಮ್ಮನ ಕಣ್ಣ ಮುಂದೆ ಬರುವವಳು ಯಮನೂರಮ್ಮ ಒಬ್ಬಳೇ. ಹಾಗಾಗಿ ಎಲ್ಲರಿಗಿಂತ ಮೊದಲು ಇವಳೇ ಹೆಸರು ಬರೆಸಿದಳು.

ಯೋಜನೆಯ ಕೆಲಸಕ್ಕಿದ್ದ ಸುಕನ್ಯಾ ಮಸ್ಕಿಯ ಹುಡುಗಿ. ಕಾಯಿ ಆರಿಸುವುದು, ಒರೆಸುವುದು, ತೂಗಿ ಪ್ಲಾಸ್ಟಿಕ್ ಕ್ರೇಟಿನಲ್ಲಿ ಜೋಡಿಸುವುದು ಎಲ್ಲವನ್ನೂ ಹೆಂಗಸರಿಗೆ ಕಲಿಸಿದಳು. ರಾಯಚೂರಿನ ದೊಡ್ಡ ಅಂಗಡಿಯೊಂದು ಮಾಲು ನೋಡಿ ಒಪ್ಪಿದರೆ ಅವರ ವ್ಯಾನು ವಾರವಾರ ಹೊಲದ ತನಕ ಬರುತ್ತದೆ ಎಂದಳು. ಹೊಲದ ತನಕ! ಗಾಳೆಮ್ಮ ಮನಸ್ಸಿನಲ್ಲೇ ಆ ಕಂಡಕ್ಟರನ ಮುಂದೆ ಸೆರಗು ಬೀಸಿಕೊಂಡು ಎರಡು ಸಲ ಓಡಾಡಿದಳು.

ಮೊದಲ ಮಾಲು ಬಾಡಿಗೆ ಟೆಂಪೊದಲ್ಲಿ ಹೋಯಿತು, ಹೋದ ಟೆಂಪೊದಲ್ಲೇ ವಾಪಸ್ಸೂ ಬಂತು. ಪ್ರತಿ ಕ್ರೇಟಿನ ಬದನೆಕಾಯಿಯ ಮೇಲೂ ಒಂದೊಂದು ಹಿಡಿ ಹಸಿಮೆಣಸಿನಕಾಯಿ ಕೂತಿತ್ತು. ತೂಕ ತಪ್ಪಿದೆ, ಮಾಲು ಬೆರಕೆಯಾಗಿದೆ ಎಂದು ಅಂಗಡಿಯವರು ಇಳಿಸಿಕೊಂಡೇ ಇರಲಿಲ್ಲ. ಯಾರ ಕೆಲಸ ಇದು ಎಂದು ಸುಕನ್ಯಾ ಕೇಳಿದಳು.

“ನಾನ ಹಾಕೀನಿ” ಎಂದಳು ಗಾಳೆಮ್ಮ, ಒಂದಿಷ್ಟೂ ಅಳುಕದೆ. “ಬೋಣಿ ಮಾಲು ಐತಿ. ಕೊಸರಿಲ್ದಂಗ ಕಳಿಸಿದ್ರ ನಮ್ಮೂರ ಮಾನ ಉಳಿತೈತೇನು?”

ಸುಕನ್ಯಾ ತಲೆ ಹಿಡಿದುಕೊಂಡು ಕೂತಳು. ಆಮೇಲೆ ಅಂಗಡಿಯವರನ್ನು ಹೇಗೋ ಬೇಡಿಕೊಂಡು ಇನ್ನೊಂದೇ ಒಂದು ಅವಕಾಶ ತಂದಳು. ಇದೂ ತಪ್ಪಿದರೆ ವ್ಯಾನಿನ ಮಾತೇ ಇಲ್ಲ. ಸಾಲದ್ದಕ್ಕೆ ದುಡ್ಡು ಕೊಡುವ ದೇಶದ ಮೇಡಂ ಒಬ್ಬರು ಅದೇ ದಿನ ನೋಡಲು ಬರುವವರಿದ್ದರು. ಗಾಳೆಮ್ಮನನ್ನು ಕ್ರೇಟಿನ ಹತ್ತಿರವೇ ಬಿಡಬಾರದೆಂದು ಉಳಿದ ಹೆಂಗಸರು ಹಟ ಹಿಡಿದರು. ಆ ಮಾತು ಅವಳ ಎದೆಗೆ ನಾಟಿತು. ಎಲ್ಲರಿಗಿಂತ ಚಂದದ ಕಾಯಿ ಅವಳ ಹೊಲದ್ದೇ.

ಆ ದಿನ ಗಾಳೆಮ್ಮ ಬಲಗೈಯನ್ನು ಸೆರಗಿನಲ್ಲಿ ಸುತ್ತಿ ಸೊಂಟಕ್ಕೆ ಬಿಗಿದುಕೊಂಡೇ ಬಂದಳು. ಎಡಗೈಯೊಂದರಲ್ಲೇ ಕಾಯಿ ಆರಿಸಿದಳು, ಜೋಡಿಸಿದಳು. ಮೇಡಂ ಅದನ್ನು ನೋಡಿ ಕನಿಕರಪಟ್ಟು, ಪಾಪ ಕೈಗೆ ಏನಾಗಿದೆ, ಡಾಕ್ಟರಿಗೆ ತೋರಿಸೋಣವೇ ಎಂದು ಕೇಳಿದರು. ಅದು ಹಳೆಯ ಕಾಯಿಲೆ, ಔಷಧಿಯಿಲ್ಲ ಎಂದು ಸುಕನ್ಯಾ ಹೇಳಿ ಮಾತು ಮುಗಿಸಿದಳು.

ಟೆಂಪೊ ಡ್ರೈವರ್ ರಹಿಮಾನ್ ಕ್ರೇಟು ಹೇರಿಕೊಂಡು ಹೋದ. ಮಧ್ಯಾಹ್ನದ ಹೊತ್ತಿಗೆ ಸುಕನ್ಯಾಳಿಗೆ ಫೋನು ಬಂತು. ಮಾಲು ಪೂರ್ತಿ ಪಾಸು, ಮುಂದಿನ ವಾರದಿಂದ ವ್ಯಾನು ಬರುತ್ತದೆ. ಗಾಳೆಮ್ಮ ಕೈ ಬಿಚ್ಚಿಕೊಂಡು ಎಲ್ಲರೆದುರೇ ಗೊಳೋ ಎಂದು ಅತ್ತಳು. ಅಷ್ಟು ಸಂತೋಷವಾಗಿತ್ತು ಅವಳಿಗೆ.

ಹೊರಡುವ ಮುಂಚೆ ಮೇಡಂ ಒಂದು ಕೆ.ಜಿ. ಬದನೆಕಾಯಿ ಕೇಳಿದರು. ಗಾಳೆಮ್ಮ ಕಲಿತ ಪಾಠ ಮರೆಯಲಿಲ್ಲ. ತಕ್ಕಡಿಯ ಮುಳ್ಳು ಅತ್ತಿತ್ತ ಅಲುಗದಂತೆ ತೂಗಿ, ಚೀಲಕ್ಕೆ ಸುರಿದು, ಸುಕನ್ಯಾಳ ಕಡೆ ಹೆಮ್ಮೆಯಿಂದ ನೋಡಿ ಕೈ ಕಟ್ಟಿ ನಿಂತಳು. ಮೇಡಂ ಮಾತ್ರ ಚೀಲ ಹಿಂದೆಗೆಯಲಿಲ್ಲ. ಅದರ ಬಾಯಿ ಅಗಲಿಸಿ ಹಿಡಿದುಕೊಂಡೇ ನಿಂತರು. ಹೆಂಗಸರು ಮುಖ ಮುಖ ನೋಡಿಕೊಂಡರು. ಆಗ ಮೇಡಂ ನೆನಪು ಮಾಡಿಕೊಂಡು, ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು:

“ಕೊಸರು ಹಾಕ್ರಿ.”

ಸುಕನ್ಯಾ ವಿಚಾರಿಸಿದಾಗ ಸಂಗತಿ ಹೊರಬಿತ್ತು. ಹಿಂದಿನ ದಿನ ಮೇಡಂ ಮಸ್ಕಿ ಸಂತೆ ನೋಡಲು ಹೋಗಿದ್ದರಂತೆ. ಕಾಯಿ ಬಿಡಿಸುವ ಗಡಿಬಿಡಿಯಲ್ಲಿ ಗಾಳೆಮ್ಮ ಅವತ್ತು ಸಂತೆಗೆ ಹೋಗಿರಲಿಲ್ಲ. ಅವಳ ಖಾಲಿ ಜಾಗದ ಪಕ್ಕದಲ್ಲಿ ಕೂತಿದ್ದ ಹೆಂಗಸೊಬ್ಬಳು ಮೇಡಂಗೆ ಕೊಸರು ಹಾಕಿ, ಕೇಳಿ ಪಡೆಯುವುದನ್ನೂ ಹೇಳಿಕೊಟ್ಟಿದ್ದಳು.

ಗಾಳೆಮ್ಮನ ಮುಖ ಕೆಂಪಾಯಿತು. “ಎಷ್ಟು ಹಾಕ್ಯಾಳ ಅಕಿ?”

ಮೇಡಂ ಒಂದು ಹಿಡಿ ತೋರಿಸಿದರು.

ಗಾಳೆಮ್ಮ ಮೆಣಸಿನಕಾಯಿ ಬುಟ್ಟಿಯನ್ನೇ ಎತ್ತಿ ಮೇಡಂ ಚೀಲಕ್ಕೆ ಬೋರಲು ಹಾಕಿದಳು. “ಮಸ್ಕಿ ಮ್ಯಾಲೆ ಹಾಯ್ದು ಹೋಗ್ರಿ ಮೇಡಂ. ಹೋಗಾಗ ಯಮನೂರಮ್ಮನ ಮನಿ ಮುಂದ ನಿಂತು ಅಕಿಗೆ ಈ ಚೀಲ ಒಂದೀಟು ತೆಗೆದು ತೋರಸ್ರಿ.”