ನಳಿಗೆ ಮಾವ ಓಡಿದ ದಿನ

ಕೋವಿ ರಿಪೇರಿ ಅಂಗಡಿಯಲ್ಲಿ ಕೋವಿಗಳಿಗಿಂತ ಹೆಚ್ಚು ಸಿಡಿಯುವವರು ಗಿರಾಕಿಗಳು. ನಮ್ಮ ಬೀದಿಯ ತುದಿಯಲ್ಲಿ, ಬೀಗದ ಕೈ ಮಾಡುವವನಿಗೂ ಗಡಿಯಾರ ರಿಪೇರಿಯವನಿಗೂ ನಡುವೆ ಸಿಕ್ಕಿಕೊಂಡಿದ್ದ ಆ ಇಕ್ಕಟ್ಟಿನ ಅಂಗಡಿಯಿಂದ ಹೊತ್ತಿಗೊಂದು ಸ್ಫೋಟ ಕೇಳಿಬರುತ್ತಿತ್ತು: "ಏನ್ರೀ, ಇನ್ನೂ ಆಗಿಲ್ವಾ?" ಅದಕ್ಕೆ ಒಳಗಿನಿಂದ ಬರುವ ಉತ್ತರ ಮಾತ್ರ ಎಣ್ಣೆ ಬಿಟ್ಟ ಹಾಗೆ ಮೆತ್ತಗೆ ಜಾರಿ ಬರುತ್ತಿತ್ತು: "ನಾಳೆಗೆ."

ಕೋವಿಯ ಉದ್ದನೆಯ ಕೊಳವೆಗೆ ನಳಿಗೆ ಎನ್ನುತ್ತಾರೆ. ಸ್ವಲ್ಪ ಎಳೆದು ಹೇಳಿದರೆ ಅದೇ ನಾಳೆಗೆ ಆಗಿಬಿಡುತ್ತದೆ. ಅಂಗಡಿಯ ಯಜಮಾನರು ಯಾವುದನ್ನೇ ಆದರೂ ಎಳೆಯುವವರೇ ಆದ್ದರಿಂದ ಯಾರೋ ಪುಣ್ಯಾತ್ಮರು ಅವರಿಗೆ ನಳಿಗೆ ಮಾವ ಎಂದು ಹೆಸರಿಟ್ಟರು. ಹೆಸರು ಅಂಟಿಕೊಂಡಿತು. ಮಾವ ಅದನ್ನು ಬಿಡಿಸಿಕೊಳ್ಳಲು ಹೋಗಲಿಲ್ಲ. ಹೋಗಬೇಕೆಂದು ಇದ್ದಿರಬಹುದು, ನಾಳೆ.

ಹಾಗಂತ ಸೋಮಾರಿಯೇನಲ್ಲ. ಬೆಳಗಿನ ಕಾಫಿ ಲೋಟ ಕೆಳಗಿಟ್ಟವರು ಮಬ್ಬುಗತ್ತಲಾಗುವವರೆಗೆ ಮೇಜು ಬಿಟ್ಟು ಏಳುತ್ತಿರಲಿಲ್ಲ. ತಡವಾಗುತ್ತಿದ್ದುದು ಮಸಿಯಿಂದ. ಜೋಡುನಳಿಗೆಯ ಕೋವಿಯನ್ನು ನಡುವೆ ಬಾಗಿಸಿ, ತೋಟಾ ತುಂಬಿ, ಟಪ್ಪೆಂದು ಮುಚ್ಚುವುದನ್ನು ನೀವು ನೋಡಿರಬಹುದು. ಹಾಗೆ ಮುಚ್ಚಿದಾಗ ನಳಿಗೆಯ ಹಿಂಬದಿ ಕೋವಿಯ ಮೈಗೆ ಕೂದಲೆಳೆಯಷ್ಟೂ ಸಂದಿಯಿಲ್ಲದೆ ಕೂರಬೇಕು. ಸಂದಿ ಉಳಿದರೆ ಗುಂಡು ಮುಂದಕ್ಕೆ ಹೋಗುವಾಗ ಬೆಂಕಿ ಹಿಂದಕ್ಕೆ ಬರುತ್ತದೆ, ಹೊಡೆದವನ ಕಣ್ಣಿಗೇ. ಕೂತಿದೆಯೋ ಇಲ್ಲವೋ ಮುಚ್ಚಿದ ಮೇಲೆ ಕಾಣುವುದು ಕಷ್ಟ. ಅದಕ್ಕೆ ಮಾವ ಸೀಮೆಎಣ್ಣೆ ಬುಡ್ಡಿ ಹಚ್ಚಿ, ಅದರ ಹೊಗೆಗೆ ನಳಿಗೆಯ ಹಿಂಬದಿಯನ್ನು ಹಿಡಿದು ಮಸಿ ಹತ್ತಿಸುತ್ತಿದ್ದರು. ಮುಚ್ಚುವುದು, ತೆರೆಯುವುದು, ಮಸಿ ಎಲ್ಲೆಲ್ಲಿ ಅಳಿಸಿದೆ ನೋಡುವುದು. ಅಳಿಸಿದಲ್ಲಿ ಕಬ್ಬಿಣಕ್ಕೆ ಕಬ್ಬಿಣ ತಾಗಿದೆ ಎಂದು ಅರ್ಥ. ಅಲ್ಲಿ ಅರದಿಂದ ಒಂದೇ ಒಂದು ಎಳೆತ. ಮತ್ತೆ ಬುಡ್ಡಿ, ಮತ್ತೆ ಮಸಿ. ಮಸಿ ಎಲ್ಲ ಕಡೆ ಒಂದೇ ಸಮ ಅಳಿಸುವ ತನಕ ಇದೇ ಪೂಜೆ.

ಇದರ ಮೇಲೆ ಇನ್ನೊಂದು ಶಾಸ್ತ್ರವಿತ್ತು. ಬರೀ ಒಂದು ಸ್ಕ್ರೂ ಬದಲಾಯಿಸಿದ್ದರೂ ಸರಿ, ಗಿರಾಕಿಯ ಕೈಗೆ ಕೊಡುವ ಮೊದಲು ಇನ್ನೊಂದು ಸಲ ಮಸಿ ಹಿಡಿದು ನೋಡಲೇಬೇಕು. ಕೊನೆಯ ಮಸಿ ಆಗದೆ ಕೋವಿ ಹೊಸ್ತಿಲು ದಾಟುವಂತಿಲ್ಲ.

"ಊರವರೆಲ್ಲ ಹೆಸರಿಗೆ ಮಸಿ ಹತ್ತಬಾರ್ದು ಅಂತ ಒದ್ದಾಡ್ತಾರೆ. ನಮ್ಮನೇಲಿ ಹತ್ತಿಸೋದೇ ಉದ್ಯೋಗ" ಎನ್ನುತ್ತಿದ್ದರು ಮಾವನ ಹೆಂಡತಿ. ಅಂಗಡಿಯ ಬಾಗಿಲಲ್ಲೇ ಹೊಲಿಗೆ ಮೆಶಿನ್ ಹಾಕಿಕೊಂಡು ಕೋವಿಗೆ ಚೀಲ, ಮಕ್ಕಳಿಗೆ ಯೂನಿಫಾರ್ಮ್ ಹೊಲಿಯುತ್ತಿದ್ದ ಅತ್ತೆಯೇ ಗಿರಾಕಿಗಳ ಮೊದಲ ಗುಂಡಿಗೆ ಎದೆಯೊಡ್ಡುತ್ತಿದ್ದವರು. ಮೊದಲ ಸಲ ಬಂದವರಿಗೆ "ಸ್ಪ್ರಿಂಗ್ ಬಂದಿಲ್ಲ." ಎರಡನೆಯ ಸಲಕ್ಕೆ "ಸ್ಪ್ರಿಂಗ್ ಬಂದಿದೆ, ಹದ ಬಂದಿಲ್ಲ." ಅದರಾಚೆ ಬಂದವರಿಗೆ ಕಾಫಿ.

ಹೆಚ್ಚು ಕಾಫಿ ಕುಡಿದವರು ಹಣ್ಣಿನ ತೋಟದ ಯಜಮಾನರು. ಅವರ ಜೋಡುನಳಿಗೆ ಕೋವಿಯ ಕೀಲು ಸವೆದು, ಬಾಯಿ ಸರಿಯಾಗಿ ಮುಚ್ಚುತ್ತಿರಲಿಲ್ಲ. ಯಜಮಾನರದ್ದೂ ಅಷ್ಟೇ.

"ಹಂದಿ ಓಡಿಸೋಕೆ ಡಬ್ಬ ಬಡೀತಾ ಕೂತಿದ್ದೀನಿ ಕಣಮ್ಮಾ. ಈಗ ಅವೂ ನನ್ನ ಮಾತಾಡಿಸೋಕೆ ಶುರು ಮಾಡಿವೆ."

"ಏನಂತವೆ?"

"'ಕೋವಿ ಬಂತಾ ಸ್ವಾಮಿ?' ಅಂತವೆ."

ಅತ್ತೆಗೆ ನಗು ತಡೆಯಲಾಗಲಿಲ್ಲ. ಒಳಗಿದ್ದ ಮಾವನಿಗೆ ಮಾತ್ರ ಅದು ಕೇಳಿಸಲೇ ಇಲ್ಲ. ಬುಡ್ಡಿಯ ಮುಂದೆ ಉಸಿರು ಬಿಗಿಹಿಡಿದು ಕೂತಿದ್ದರು.

ಈ ನಡುವೆ ಬಂದವನು ಅತ್ತೆಯ ತಮ್ಮ. ಬ್ಯಾಂಕಿನ ಕಾವಲುಗಾರ. ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಜೋಡುನಳಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಒಳಗೆ ಬರುವವರಿಗೆಲ್ಲ ನಮಸ್ಕಾರ ಹೇಳುತ್ತ ಕೂರುವುದು ಅವನ ಕೆಲಸ. ಬಹಳ ಮೆತ್ತನೆಯ ಪ್ರಾಣಿ. ಅವನ ಕೋವಿಯಲ್ಲಿ ತೋಟಾಕ್ಕೆ ಪೆಟ್ಟು ಕೊಡುವ ಕುದುರೆ ಎಂಬ ಭಾಗದ ಸ್ಪ್ರಿಂಗ್ ಮುರಿದಿತ್ತು. ಕುದುರೆ ಕುಂಟಿತು ಎಂದು ಭಾವನ ಅಂಗಡಿಗೆ ಕೊಟ್ಟವನು, ಅಂದಿನಿಂದ ಬ್ಯಾಂಕಿನ ಬಾಗಿಲಲ್ಲಿ ಬೆತ್ತ ಹಿಡಿದು ಕೂತಿದ್ದ.

"ಅಕ್ಕಾ, ಗನ್‌ಮ್ಯಾನ್ ಅಂತಿದ್ರು ನನ್ನ. ಈಗ ಗನ್ ಇಲ್ಲ, ಬರೀ ಮ್ಯಾನ್ ಆಗಿ ಕೂತಿದ್ದೀನಿ. ನಾಳೆ ನಮಗೆಲ್ಲ ಮೈದಾನದಲ್ಲಿ ಗುಂಡು ಹೊಡೆಯೋ ಪರೀಕ್ಷೆ. ಕೋವಿ ಇಲ್ದೆ ಹೋದ್ರೆ ಬೇರೆಯವರನ್ನ ನೋಡ್ಕೋತೀವಿ ಅಂತ ಮ್ಯಾನೇಜರು ಹೇಳಿದ್ದಾರೆ. ಭಾವಂಗೆ ನೀನಾದ್ರೂ ಹೇಳು."

ಅತ್ತೆ ಮೆಶಿನ್ ನಿಲ್ಲಿಸಿ ಒಳಗೆ ಹೋದರು.

"ರೀ, ಊರವರಿಗೆ ಹೇಳೋ ನಾಳೆಗೆಯನ್ನ ನನ್ನ ತಮ್ಮಂಗೆ ಹೇಳಿದ್ರೆ ನೋಡಿ. ಇವತ್ತೇ ಆಗ್ಬೇಕು. ಅವನ ಅನ್ನದ ಪ್ರಶ್ನೆ."

ಮಾವನಿಗೆ ಭಾವಮೈದುನನ ಮೇಲೆ ಪ್ರೀತಿ ಇತ್ತು, ಹೆಂಡತಿಯ ಮೇಲೆ ಭಯ ಇತ್ತು. ಎರಡೂ ಸೇರಿ ಕೈ ಚುರುಕಾಯಿತು. ಮಧ್ಯಾಹ್ನದೊಳಗೆ ಹೊಸ ಸ್ಪ್ರಿಂಗ್ ಕೂರಿಸಿದರು. ಉಳಿದದ್ದು ನಳಿಗೆ ತೊಳೆಯುವುದು. ಅತ್ತ ತೋಟದ ಯಜಮಾನರ ನಳಿಗೆಯೂ ಅರದ ಪುಡಿ ಮೆತ್ತಿಕೊಂಡು ಬಿದ್ದಿತ್ತು. ಹೇಗೂ ಬಿಸಿನೀರು ಕಾಸಿದ್ದಾಯಿತು, ಎರಡನ್ನೂ ಒಟ್ಟಿಗೆ ಅದ್ದಿಬಿಡೋಣ ಎನ್ನಿಸಿತು ಮಾವನಿಗೆ. ಜೀವಮಾನದಲ್ಲಿ ಮೊದಲ ಸಲ ಒಂದು ತೊಟ್ಟಿಯಲ್ಲಿ ಎರಡು ಜೋಡಿ ನಳಿಗೆ ಸ್ನಾನ ಮಾಡಿದವು. ಎರಡೂ ಒಂದೇ ಕಾರ್ಖಾನೆಯ, ಒಂದೇ ಅಚ್ಚಿನ ಕೋವಿಗಳು. ಯಾವುದು ಯಾರದೆಂದು ಗೊತ್ತಾಗಲು ಅತ್ತೆಯ ಡಬ್ಬಿಯಿಂದ ತೆಗೆದ ಕೆಂಪು, ನೀಲಿ ದಾರ ಕಟ್ಟಿಡುತ್ತಿದ್ದರು. ನೀರಿಗೆ ಹಾಕುವಾಗ ದಾರ ಬಿಚ್ಚಿದ್ದರು.

ಒರೆಸಿ, ಎಣ್ಣೆ ಹಾಕಿ, ಜೋಡಿಸಿ, ಮಾವ ಬುಡ್ಡಿಗೆ ಕೈ ಹಾಕಿದರು.

"ಮತ್ತೆ ಮಸೀನಾ?" ಎಂದರು ಅತ್ತೆ. "ನಳಿಗೆಗೆ ನೀವೇನೂ ಮಾಡೇ ಇಲ್ವಲ್ಲ. ಸ್ಪ್ರಿಂಗ್ ಹಾಕಿದ್ದಕ್ಕೂ ಮಸಿಗೂ ಏನ್ರೀ ಸಂಬಂಧ? ಪಾಪ, ಬಾಗಿಲಲ್ಲಿ ಕಾಯ್ತಿದ್ದಾನೆ."

ಮಾವ ಬುಡ್ಡಿಯನ್ನು ನೋಡಿದರು, ಹೆಂಡತಿಯನ್ನು ನೋಡಿದರು. ಬುಡ್ಡಿಯನ್ನು ಕೆಳಗಿಟ್ಟರು.

ಹೇಳಿದ ಹೊತ್ತಿಗೆ ಕೋವಿ ಸಿಕ್ಕಿದ ಸುದ್ದಿ ಬೀದಿಗೆಲ್ಲ ಹಬ್ಬಿತು. ಗಡಿಯಾರ ರಿಪೇರಿಯವನು ತನ್ನ ಗಡಿಯಾರಗಳನ್ನೆಲ್ಲ ಒಮ್ಮೆ ನೋಡಿಕೊಂಡನಂತೆ.

ಮಾರನೆಯ ಬೆಳಗ್ಗೆ ಮಾವ ಖುಷಿಯಾಗಿಯೇ ತೋಟದ ಯಜಮಾನರ ಕೋವಿಗೆ ಕೈ ಹಾಕಿದರು. ನಳಿಗೆಗೆ ಮಸಿ ಹಿಡಿದು ಮುಚ್ಚಿದರು. ಮುಚ್ಚುವಾಗ ಬಂದ ಸದ್ದೇ ಬೇರೆ. ತೆರೆದು ನೋಡಿದರೆ ಮಸಿ ಹೋಗಿದ್ದುದು ಒಂದು ಮೂಲೆಯಲ್ಲಿ ಮಾತ್ರ. ಇಷ್ಟು ದಿನ ತಾವು ಅರ ಎಳೆದ ಗುರುತೇ ಅಲ್ಲಿ ಇರಲಿಲ್ಲ. ಮಾವ ಹಣೆಯ ಮೇಲಿದ್ದ ಕನ್ನಡಕವನ್ನು ಕೆಳಗಿಳಿಸಿ ಇನ್ನೊಮ್ಮೆ ನೋಡಿದರು. ಆಮೇಲೆ ನಳಿಗೆಯನ್ನು ಮಗುವನ್ನು ಮಲಗಿಸುವ ಹಾಗೆ ಮೇಜಿನ ಮೇಲೆ ಮಲಗಿಸಿದರು.

"ಏನೇ," ಎಂದರು. ಮೆಶಿನ್ ಸದ್ದಿಗೆ ಅತ್ತೆಗೆ ಕೇಳಿಸಲಿಲ್ಲ. "ಏನೇ, ಇದು ನಿನ್ನ ತಮ್ಮನ ನಳಿಗೆ."

"ಅವನದ್ದು ಅವನ ಹತ್ರ ಇದೆಯಲ್ರೀ?"

"ಅವನ ಹತ್ರ ಇರೋದು ತೋಟದವರದ್ದು. ಬೇರೆ ಮೈಗೆ ಅಂತ ಅರ್ಧ ಉಜ್ಜಿದ್ದು. ಅದು ಅವನ ಕೋವಿಗೆ ಕೂರಲ್ಲ. ಹೊಡೆದ್ರೆ..."

ಹೊಡೆದರೆ ಏನು ಎಂಬುದನ್ನು ಆ ಮನೆಯಲ್ಲಿ ಬಿಡಿಸಿ ಹೇಳಬೇಕಾಗಿರಲಿಲ್ಲ. ಅತ್ತೆ ಫೋನ್ ಮಾಡಿದರು. ಎತ್ತುವವರಿಲ್ಲ, ಪರೀಕ್ಷೆಯ ದಿನ ಮೈದಾನದ ಗೇಟಿನಲ್ಲೇ ಫೋನು ತೆಗೆದಿಟ್ಟುಕೊಳ್ಳುತ್ತಾರೆ. ಇತ್ತ ಮಾವ, ಮೇಜಿನ ಮೇಲಿದ್ದ ನಳಿಗೆಯನ್ನು ಅರ್ಧ ಹೊಲಿದ ಯೂನಿಫಾರ್ಮಿನಲ್ಲಿ ಸುತ್ತಿ ಬಗಲಿಗಿಟ್ಟು ಬೀದಿಗಿಳಿದು ಓಡತೊಡಗಿದ್ದರು.

ನಳಿಗೆ ಮಾವ ಓಡುವುದನ್ನು ಆವರೆಗೆ ಯಾರೂ ಕಂಡಿರಲಿಲ್ಲ. ಮುಖಕ್ಕೆ ಮಸಿ, ಸೊಂಟಕ್ಕೆ ತೊಗಲಿನ ಏಪ್ರನ್, ಒಂದೇ ಕಾಲಿಗೆ ಚಪ್ಪಲಿ. "ಊರು ಬಿಟ್ಟು ಹೋಗ್ತಿದ್ದಾರೆ! ನಮ್ಮ ಕೋವಿ ಗತಿ ಏನು?" ಎಂದು ಯಾರೋ ಕೂಗಿದರು. ಅಷ್ಟರಲ್ಲಿ ಎದುರಿನಿಂದ, ವಾಡಿಕೆಯ ಜಗಳಕ್ಕೆಂದು ಬರುತ್ತಿದ್ದ ತೋಟದ ಯಜಮಾನರ ಜೀಪು ಕಿರ್ರೆಂದು ನಿಂತಿತು.

"ಸಿಕ್ಕಿದ್ರಾ! ಎಲ್ರೀ ನನ್ನ ಕೋವಿ?"

"ಅರ್ಧ ಅಂಗಡೀಲಿದೆ, ಇನ್ನರ್ಧ ಮೈದಾನದಲ್ಲಿದೆ. ಜೀಪು ತಿರುಗಿಸಿ!" ಎನ್ನುತ್ತ ಮಾವ ಹತ್ತಿ ಕೂತರು. ಯಜಮಾನರು ಬಾಯಿ ತೆರೆಯುವಷ್ಟರಲ್ಲಿ ಹಿಂದಿನ ಸೀಟಿಗೆ ಅತ್ತೆಯೂ ಹತ್ತಿದ್ದರು. ಅವರ ಒಂದು ಕೈಯಲ್ಲಿ ಸೀಮೆಎಣ್ಣೆ ಬುಡ್ಡಿ, ಇನ್ನೊಂದರಲ್ಲಿ ಬೆಂಕಿಪೊಟ್ಟಣ.

ದಾರಿಯಲ್ಲಿ ವಿಷಯ ತಿಳಿದ ಯಜಮಾನರು ಬೈಗುಳವನ್ನೆಲ್ಲ ನುಂಗಿಕೊಂಡು ಆಕ್ಸಿಲರೇಟರ್ ಒತ್ತಿದರು. ಒತ್ತಿ ಏನು ಬಂತು? ರೈಲ್ವೇ ಗೇಟು ಹಾಕಿತ್ತು. ಮಾವ ಕೆಳಗೆ ಧುಮುಕಿದರು.

"ಏನಪ್ಪಾ, ಇನ್ನೂ ಎಷ್ಟು ಹೊತ್ತು?"

"ಈಗ ಬರುತ್ತೆ ಸ್ವಾಮಿ" ಎಂದ ಗೇಟಿನವನು, ಬಹಳ ಮೆತ್ತಗೆ.

"ಈಗ ಅಂದ್ರೆ ಯಾವಾಗ್ರೀ!"

"ಬಂದಾಗ."

ಮಾವ ಹಿಂತಿರುಗಿ ನೋಡಿದರು. ಹೆಂಡತಿಯ ಕಣ್ಣಲ್ಲಿ ನೀರು ತುಂಬಿತ್ತು. ಆದರೂ ಅವರು ಕೇಳದೆ ಬಿಡಲಿಲ್ಲ: "ಕಾಯೋದು ಹೇಗಿರುತ್ತೆ?"

ರೈಲು ಬಂದು ಹೋಯಿತು. ಮೈದಾನ ಹತ್ತಿರ ಬಂದ ಹಾಗೆ ಢಂ ಎಂದು ಒಂದು ಗುಂಡಿನ ಸದ್ದು. ಸ್ವಲ್ಪ ಬಿಟ್ಟು ಇನ್ನೊಂದು. ಪ್ರತಿ ಸದ್ದಿಗೂ ಅತ್ತೆ ಮುಂದಿನ ಸೀಟನ್ನು ಗಟ್ಟಿಯಾಗಿ ಹಿಡಿದರು. ಮಾವ ಮಡಿಲಲ್ಲಿದ್ದ ನಳಿಗೆಯನ್ನು ಹಿಡಿದರು. ಆಮೇಲೆ ಸದ್ದು ನಿಂತಿತು. ನಿಂತದ್ದಕ್ಕೇ ಇನ್ನೂ ಭಯವಾಯಿತು.

ಮೈದಾನದ ಗೇಟಿನವನು ತಡೆಯುವ ಮೊದಲೇ ಜೀಪು ಒಳಗಿತ್ತು. ಬೇರೆ ಕಾವಲುಗಾರರೆಲ್ಲ ತಮ್ಮ ಸರದಿ ಮುಗಿಸಿ ನೆರಳಲ್ಲಿ ಕೂತಿದ್ದರು. ಗೆರೆಯ ಮೇಲೆ ಒಬ್ಬನೇ ನಿಂತಿದ್ದ: ಅತ್ತೆಯ ತಮ್ಮ, ಕೋವಿ ಹೆಗಲಿಗೆ, ಕಣ್ಣು ಎರಡೂ ಮುಚ್ಚಿ.

"ಲೋ, ಹೊಡೀಬೇಡ್ವೋ!"

ಅಕ್ಕನ ದನಿ ಕೇಳಿದ ಕೂಡಲೇ ಅವನು ಕೋವಿಸಮೇತ ಇತ್ತ ತಿರುಗಿದ. ಪರೀಕ್ಷೆ ನಡೆಸುತ್ತಿದ್ದ ಅಧಿಕಾರಿಗಳಿಂದ ಹಿಡಿದು ತೋಟದ ಯಜಮಾನರ ತನಕ ಎಲ್ಲರೂ ಒಟ್ಟಿಗೆ ನೆಲಕ್ಕೆ ಬಿದ್ದರು. ಮಾವ ಒಬ್ಬರೇ ನೇರವಾಗಿ ನಡೆದು ಹೋಗಿ, ನಳಿಗೆಯನ್ನು ಕೆಳಕ್ಕೆ ಒತ್ತಿ, ಬಾಗಿಸಿ, ತೋಟಾಗಳನ್ನು ಹೊರತೆಗೆದು ಅಧಿಕಾರಿಗಳ ಕೈಗೆ ಹಾಕಿದರು. ಆಮೇಲೆ ಅಲ್ಲೇ ಕೂತುಬಿಟ್ಟರು.

"ಯಾಕ್ ಭಾವ? ಏನಾಯ್ತು?"

"ಹೊಡೆದ್ಯೇನೋ? ಒಂದಾದ್ರೂ ಹೊಡೆದ್ಯಾ?"

"ಎಲ್ಲಿ ಭಾವ." ಅವನು ದನಿ ತಗ್ಗಿಸಿದ. "ನಂಗೆ ಆ ಸದ್ದು ಅಂದ್ರೆ ಆಗಲ್ಲ. ಕರೆದಾಗಲೆಲ್ಲ 'ಅವರು ಹೋಗ್ಲಿ ಸಾರ್, ನಂದು ಆಮೇಲೆ' ಅಂತ ತಳ್ತಾ ಬಂದೆ. ಕೊನೆಗೆ ನಾನೊಬ್ನೇ ಉಳಿದೆ. ಆಗ್ಲೂ 'ಒಂದ್ನಿಮಿಷ ಸಾರ್' ಅಂತ ಮೂರು ಸಲ ಅಂದೆ. ನಿಮ್ಮ ಹತ್ರ ಕಲಿತಿದ್ದೇ."

ಅತ್ತೆ ತಮ್ಮನ ಬೆನ್ನಿಗೆ ಒಂದು ಗುದ್ದು ಕೊಟ್ಟು, ಅದೇ ಬೆನ್ನಿಗೆ ಮುಖ ಒತ್ತಿ ಅತ್ತರು.

ಅಧಿಕಾರಿಗಳು ಅಂಗಿಯ ಮಣ್ಣು ಕೊಡವಿಕೊಳ್ಳುತ್ತ ಸಿಡಿದರು: "ಯಾರ್ರೀ ನೀವೆಲ್ಲ?"

"ಕೋವಿ ರಿಪೇರಿಯವನು. ನಳಿಗೆ ಬದಲಾಗಿದೆ, ತಪ್ಪು ನಂದು" ಎಂದ ಮಾವ, ಖಾಲಿ ಕೋವಿಯನ್ನು ಮುಚ್ಚಿ ಬೆಳಕಿಗೆ ಅಡ್ಡ ಹಿಡಿದರು. ನಳಿಗೆಗೂ ಮೈಗೂ ನಡುವೆ ಆಕಾಶದ ಒಂದು ಎಳೆ ಕಂಡಿತು. ಬಹಳ ತೆಳ್ಳಗೆ, ಬಹಳ ನೀಲಿಯಾಗಿ. ಅಧಿಕಾರಿಗಳು ಅದನ್ನು ನೋಡಿ, ತಮ್ಮ ಕಣ್ಣನ್ನು ಒಮ್ಮೆ ಮುಟ್ಟಿ ನೋಡಿಕೊಂಡರು. ಮತ್ತೆ ಬೈಯಲಿಲ್ಲ.

ಮಾವ ಸುತ್ತಿ ತಂದಿದ್ದ ಯೂನಿಫಾರ್ಮ್ ಬಿಚ್ಚಿ ಸರಿಯಾದ ನಳಿಗೆಯನ್ನು ತೆಗೆದರು. ಅತ್ತೆ ಬುಡ್ಡಿ ಹಚ್ಚಿದರು. ಗಾಳಿಗೆ ಆರಿತು. ಮತ್ತೆ ಹಚ್ಚಿದರು, ಮತ್ತೆ ಆರಿತು. ತೋಟದ ಯಜಮಾನರು ತಮ್ಮ ದಪ್ಪ ಮೈಯನ್ನು ಗಾಳಿಗೆ ಅಡ್ಡ ತಂದು ಕೂತರು.

"ತಿಂದಿದ್ದು ಇವತ್ತು ಸಾರ್ಥಕ ಆಯ್ತು" ಎಂದರು. ಬುಡ್ಡಿ ನಿಂತು ಉರಿಯಿತು.

ಮಸಿ ಹಿಡಿದರು. ಮುಚ್ಚಿದರು, ತೆರೆದರು. ನೋಡಿದರು. ಒರೆಸಿ, ಇನ್ನೊಮ್ಮೆ ಹಿಡಿದರು.

"ಇನ್ನೂ ಆಗಿಲ್ವಾ?" ಎಂದರು ಅಧಿಕಾರಿಗಳು, ಗಡಿಯಾರ ನೋಡುತ್ತ.

"ಸುಮ್ನಿರಿ ಸ್ವಾಮಿ" ಎಂದರು ಅತ್ತೆ. "ಮಸಿ ಆಗ್ಬೇಕು."

ಆಯಿತು. ಹುಡುಕಿದರೂ ಕಪ್ಪು ಚುಕ್ಕೆ ಉಳಿಯದ ಹಾಗೆ ಮಸಿ ಒಂದೇ ಸಮ ಅಳಿಸಿತ್ತು. ಅತ್ತೆಯ ತಮ್ಮ ಕಿವಿಗೆ ಹತ್ತಿ ತುರುಕಿಕೊಂಡು, ಅಕ್ಕ ಹೇಳಿದರೆಂದು ಒಂದು ಕಣ್ಣು ಮಾತ್ರ ಮುಚ್ಚಿ, ಎರಡೂ ಗುಂಡು ಹೊಡೆದ. ಒಂದು ಹಲಗೆಯ ಅಂಚಿಗೆ ತಾಗಿತು. ಇನ್ನೊಂದು ಎಲ್ಲಿ ಹೋಯಿತೋ ಯಾರೂ ವಿಚಾರಿಸಲಿಲ್ಲ. ಅಧಿಕಾರಿಗಳು ಪಾಸು ಎಂದರು. ಅವರಿಗೂ ಮನೆಗೆ ಹೋಗಬೇಕಿತ್ತು.

ವಾಪಸು ಬರುವಾಗಲೂ ರೈಲ್ವೇ ಗೇಟು ಹಾಕಿತ್ತು. ಯಾರೂ ಹಾರ್ನ್ ಮಾಡಲಿಲ್ಲ. ಹಿಂದಿನ ಸೀಟಿನಲ್ಲಿ ಕಾವಲುಗಾರ ಅಕ್ಕನ ಭುಜಕ್ಕೆ ಒರಗಿ ಬಾಯಿ ತೆರೆದು ನಿದ್ದೆ ಹೋಗಿದ್ದ. ಅತ್ತೆ ಸೆರಗು ಮುಂದಕ್ಕೆ ಚಾಚಿ ಮಾವನ ಕೆನ್ನೆಯ ಮಸಿ ಒರೆಸಲು ನೋಡಿದರು. ಅದು ಇನ್ನಷ್ಟು ಹರಡಿತು.

ತೋಟದ ಯಜಮಾನರು ತಮ್ಮ ನಳಿಗೆಯನ್ನು ಮಡಿಲಲ್ಲಿಟ್ಟುಕೊಂಡು ಮೆಲ್ಲಗೆ ಸವರುತ್ತಿದ್ದರು.

"ಅಲ್ರೀ, ಇದು ಯಾವಾಗ..."

"ನಾ..." ಎಂದು ಶುರುಮಾಡಿದರು ಮಾವ.

"ಬೇಡ, ಬೇಡ" ಎಂದು ಯಜಮಾನರು ನಳಿಗೆಯನ್ನು ಅವರ ಮಡಿಲಿಗೆ ದಾಟಿಸಿದರು. "ನಿಮ್ಮ ಮಸಿ ಮುಗೀಲಿ. ಹಂದಿಗಳಿಗೆ ನಾನೇ ಹೇಳ್ಕೋತೀನಿ."